ನಾಲ್ಕು ತೂತಿನ ಡೈರಿ

ಇವತ್ತು ಬೆಳಿಗ್ಗೆ ಕಪಾಟು ಒರೆಸುವಾಗ ಹಳೆಯ ಡೈರಿಯೊಂದು ಕೈಗೆ ಬಂತು. ಅದರ ಮೂಲೆಯಲ್ಲಿ ನಾಲ್ಕು ತೂತುಗಳಿವೆ. ಮೊದಲ ಪುಟದಿಂದ ನಲವತ್ತೊಂದರವರೆಗೆ ನಾಲ್ಕೂ ಉಂಟು. ಅಲ್ಲಿಂದ ಐವತ್ತಾರರವರೆಗೆ ಎರಡೇ. ಎಣಿಸಿದೆಯಾ ಎಂದು ಕೇಳಬೇಡಿ. ಸುಲ್ತಾನ್ ಬಜಾರಿನಲ್ಲಿ ಅಮ್ಮ ಒಂದು ಸೀರೆ ಕೊಳ್ಳುವ ಮೊದಲು ಎಷ್ಟು ಸೀರೆ ಬಿಡಿಸಿಹಾಕಿಸಿದಳು ಎಂಬುದನ್ನೂ ಬರೆದಿಟ್ಟುಕೊಂಡವಳು ನಾನು. ಅಮ್ಮನಿಗೆ ತೋರಿಸಿಲ್ಲ, ಅಷ್ಟೆ.

ಆ ವರ್ಷ ನಾನು ಉಸ್ತಾದರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಸಂಗೀತದ ಉಸ್ತಾದರಲ್ಲ. ಮನೆಯವರಿಗೂ ಡಾಕ್ಟರಿಗೂ ಬಗ್ಗದ ನಾಯಿಗಳನ್ನು ದಾರಿಗೆ ತರುವವರು. ನಮ್ಮ ರೋಗಿಗಳ ಪೈಕಿ ಮಾಲೀಕರನ್ನೇ ಸೋಫಾದ ಮೇಲೆ ಕೂರಗೊಡದ ಒಂದು ಪಮೇರಿಯನ್ ಇತ್ತು. ಆ ಸಂಸಾರ ಎಂಟು ತಿಂಗಳು ನೆಲದ ಮೇಲೆ ಕೂತು ಟಿವಿ ನೋಡಿತ್ತು. ಉಸ್ತಾದರ ಚಿಕಿತ್ಸೆ ಸರಳ. ಮನೆಯೊಳಗೆ ಹೋಗಿ ನಾಯಿಗೆ ಬೆನ್ನುಹಾಕಿ ನೆಲದ ಮೇಲೆ ಕೂರುವುದು, ಚಹಾ ಕೇಳುವುದು. ನಾಯಿ ಬೊಗಳುತ್ತಿರುತ್ತದೆ, ಅವರು ಚಹಾ ಕುಡಿಯುತ್ತಿರುತ್ತಾರೆ. “ಕುತ್ತೇ ಕು ನಕ್ಕೋ ದೇಖೋ ಬೇಟಾ, ಘರ್ ಕು ದೇಖೋ” ಎನ್ನುತ್ತಿದ್ದರು. ನಾಯಿಯನ್ನಲ್ಲ, ಮನೆಯನ್ನು ನೋಡು. ನಾನು ಎರಡನ್ನೂ ಬಿಟ್ಟು ಡೈರಿ ನೋಡುತ್ತಿದ್ದೆ.

ಹೀಗಿರುವಾಗ ಸಿಕಂದರಾಬಾದಿನ ಒಂದು ಅಪಾರ್ಟ್‌ಮೆಂಟಿನಿಂದ ಕರೆ ಬಂತು. ಮೂರನೆಯ ಮಹಡಿ, ವಯಸ್ಸಾದ ಗಂಡ ಹೆಂಡತಿ, ರಾಜಾ ಎಂಬ ಕಂದು ನಾಯಿ. ಆರು ಜನರನ್ನು ಕಚ್ಚಿತ್ತು. ಆರನೆಯವರು ಅಪಾರ್ಟ್‌ಮೆಂಟ್ ಕಮಿಟಿಯ ಅಧ್ಯಕ್ಷರೇ. ತಿಂಗಳ ಕೊನೆಗೆ ಅವರೇ ಬಂದು ನೋಡುವವರಿದ್ದರು. ಇನ್ನೊಂದು ಸಲ ಹಲ್ಲು ತಾಗಿದರೆ ರಾಜಾ ಮನೆ ಬಿಡಬೇಕು. ಪಟಾನ್‌ಚೆರುವಿನಲ್ಲಿ ಅಳಿಯನ ಕಾರ್ಖಾನೆ ಇತ್ತು, ಗೇಟಿಗೆ ಕಟ್ಟಿಹಾಕುವುದೆಂದು ಮಾತಾಗಿತ್ತು. ಇದನ್ನೆಲ್ಲ ಮನೆಯಾಕೆ ನಮಗೆ ಹಿಂದಿಯಲ್ಲಿ ಹೇಳಿ, ಸೆರಗಿನಿಂದ ರಾಜಾನ ಕಿವಿ ಒರೆಸಿದರು. ಕಣ್ಣು ಒರೆಸಿಕೊಳ್ಳಬೇಕಿತ್ತು, ಗಡಿಬಿಡಿಯಲ್ಲಿ ಕಿವಿ ಒರೆಸಿದರು ಎಂದು ನನ್ನ ಟಿಪ್ಪಣಿ.

ನಾನು ಕೋಷ್ಟಕ ಹಾಕಿದೆ. ಯಾರು, ಯಾವ ವಾರ, ಬಟ್ಟೆಯ ಬಣ್ಣ, ಚಪ್ಪಲಿ, ಮೋಡ ಇತ್ತೇ, ಚಂದ್ರ ಎಷ್ಟಿದ್ದ. ಆರರಲ್ಲಿ ನಾಲ್ವರು ಹಳದಿ ಬಟ್ಟೆ ಉಟ್ಟಿದ್ದರು. ಮನೆಯಿಂದ ಹಳದಿಯನ್ನೇ ಗಡೀಪಾರು ಮಾಡಿಸಿದೆ. ಪರದೆ, ದಿಂಬಿನ ಚೀಲ, ಕೊನೆಗೆ ಬಾಳೆಹಣ್ಣು ಕೂಡ. ಮರುದಿನ ರಾಜಾ ಉಸ್ತಾದರ ಬಿಳಿ ಪೈಜಾಮ ಹರಿದುಹಾಕಿತು. ಉಸ್ತಾದ್ ಹರಿದ ಕಾಲನ್ನು ಮಡಚಿಕೊಂಡು ಚಹಾ ಮುಗಿಸಿದರು. ನಾನು ಹಳದಿಯ ಕಾಲಂ ಹೊಡೆದುಹಾಕಿದೆ.

ಒಂದು ಗುರುವಾರ ನಾನೊಬ್ಬಳೇ ಹೋದೆ. ಆಕೆ ಬಾಗಿಲು ತೆಗೆದು “ಆವೋ ಬೇಟಾ, ಬೈಠೋ” ಎಂದದ್ದೇ ತಡ, ರಾಜಾ ನನ್ನ ಕೈಗೆ ಹಾರಿತು. ಕೈಯಲ್ಲಿ ಡೈರಿ ಇತ್ತು. ಹಲ್ಲು ಅದರಲ್ಲಿ ನಾಟಿತು.

“ಯವ್ವಾ, ಬಿಡಲೇ ಮೂಳಾ” ಎಂದೆ. ಆ ಮನೆಯಲ್ಲಿ ನಾನು ಆಡಿದ ಮೊದಲ ಕನ್ನಡ ಅದು.

ರಾಜಾ ಬಿಟ್ಟಿತು. ಬಾಲ ಅಲ್ಲಾಡಿಸಿತು. ಏನೋ ತಪ್ಪು ತಿಳಿದುಕೊಂಡೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂಬಂತೆ ನನ್ನ ಮೊಣಕೈ ನೆಕ್ಕಿತು.

ಆಕೆ ಗೋಡೆಗೆ ಒರಗಿದರು. “ಅಯ್ಯ ಶಿವನೇ, ನಮ್ಮಾಕಿ ಅದಿ ಏನವಾ ನೀನು? ಹದಿನೈದು ದಿನ ನನ್ನ ಕೂಡ ಹಿಂದಿ ಹೊಡೆಸಿದ್ಯಲ್ಲ.”

“ನೀವಾ ಹಿಂದಿ ಚಾಲೂ ಮಾಡಿದ್ರಿ, ಕಾಕು.”

“ಬಾಗಲಾ ತಗದ್ರ ಹಿಂದಿ, ಇಲ್ಲಾ ತೆಲುಗು. ಅದು ರೂಢಿ. ಯಾರಿಗೆ ಗೊತ್ತವಾ, ನೀ ಸೊಂತದಾಕಿ ಅಂತ.”

ನನ್ನ ತಲೆಯಲ್ಲಿ ಕೋಷ್ಟಕ ತಾನಾಗಿ ತುಂಬತೊಡಗಿತು. ರಾಜಾ ಯಾರನ್ನು ಕಚ್ಚಿರಲಿಲ್ಲ? ಯಾದಗಿರಿಯಿಂದ ಬಂದ ಕೆಲಸದವಳನ್ನು. ಭಜನೆಗೆ ಬರುವ ರಾಯಚೂರಿನ ಹೆಂಗಸರನ್ನು, ಅದೂ ಹನ್ನೆರಡು ಜನ, ತಾಳ ಸಮೇತ. ಕಚ್ಚಿದ್ದೆಲ್ಲ ಕಾಕು ಹಿಂದಿ, ತೆಲುಗಿನಲ್ಲಿ ಮಾತಾಡಿಸಿದವರನ್ನು. ಒಳಗೆ ಕನ್ನಡ ನಡೆಯುವಾಗ ಎಲ್ಲರೂ ಸಡಿಲವಾಗಿರುತ್ತಾರೆ. ಗಂಟೆ ಬಾರಿಸಿದೊಡನೆ ಕಾಕು ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬೇರೆ ದನಿಯಲ್ಲಿ ಬೇರೆ ಮಾತು ಶುರುಮಾಡುತ್ತಾರೆ. ಪಾಪದ ನಾಯಿ ಇನ್ನೇನು ತಿಳಿಯಬೇಕು? ಪರಕೀಯರು ಬಂದರು, ಅಮ್ಮ ಹೆದರಿದ್ದಾಳೆ, ನುಗ್ಗು.

ಉಸ್ತಾದರಿಗೆ ಹೇಳಿದಾಗ ಅವರು ಚಹಾದ ಬಟ್ಟಲು ಕೆಳಗಿಟ್ಟರು. ನಾನು ನೋಡಿದ ಹಾಗೆ ಅದೊಂದೇ ಸಲ, ಅರ್ಧ ಕುಡಿದು. ಅವರು ಕೊಟ್ಟ ಔಷಧಿ ಇದು: ಇನ್ನು ಮೇಲೆ ಗಂಡ ಹೆಂಡತಿ ಮನೆಯೊಳಗೂ ಹಿಂದಿ, ತೆಲುಗು ಆಡಬೇಕು, ಸಡಿಲವಾಗಿ, ಕಾಲು ಚಾಚಿ, ಆಡುವಾಗಲೆಲ್ಲ ರಾಜಾನಿಗೆ ರೊಟ್ಟಿಚೂರು ಹಾಕಬೇಕು. ಬಾಗಿಲಿಗೆ ಬಂದವರ ಮುಂದೆ ಬೆನ್ನು ನೆಟ್ಟಗೆ ಮಾಡಕೂಡದು.

ಎರಡು ವಾರ ಆ ಮನೆಯಲ್ಲಿ ಕನ್ನಡ ಬಂದ್. ನಾಲ್ಕನೆಯ ದಿನ ಕಾಕು ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಪಿಸುಗುಟ್ಟಿದರು: “ಇವರ ಕೂಡ ಹಿಂದಿಯಾಗ ಜಗಳಾಡಾಕ ರುಚಿನಾ ಬರಂಗಿಲ್ಲ. ನಾ ‘ಆಪ್’ ಅಂತೀನಿ, ಅವರೂ ‘ಆಪ್’ ಅಂತಾರ. ಅಲ್ಲಿಗೆ ಮುಗೀತು.”

ಒಳಗಿನಿಂದ ಕಾಕಾ ಕೂಗಿದರು: “ನನಗಂತೂ ಭಾಳ ಆರಾಮ ಆಗೇತಿ.”

“ಹಿಂದಿಯಾಗ ಹೇಳ್ರಿ” ಎಂದರು ಕಾಕು.

ತಿಂಗಳ ಕೊನೆಯ ಭಾನುವಾರ ಅಧ್ಯಕ್ಷರು ಬಂದರು, ಕೈಯಲ್ಲಿ ಕಮಿಟಿಯ ನೋಟೀಸು, ಕಾಲಲ್ಲಿ ದಪ್ಪ ಬೂಟು. ಕಾಕು ಸೋಫಾದಲ್ಲಿ ಕಾಲು ಚಾಚಿಕೊಂಡೇ “ಬಾಗುನ್ನಾರಾ ಅಂಡಿ?” ಎಂದು ಕ್ಷೇಮ ಕೇಳಿದರು. ಸೆರಗಿನ ಕಡೆಗೆ ಹೋದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡರು. ರಾಜಾ ಎದ್ದಿತು. ಕಾಕಾ ಕಣ್ಣು ಮುಚ್ಚಿಕೊಂಡರು. ರಾಜಾ ಅಧ್ಯಕ್ಷರ ಮುಂದೆ ಹೋಗಿ ಕೂತು ಬಾಯಿ ತೆರೆಯಿತು. ತೆಲುಗು ಕೇಳಿತಲ್ಲ, ರೊಟ್ಟಿ ಎಲ್ಲಿ?

ರೊಟ್ಟಿ ಬರಲಿಲ್ಲ. ಅಧ್ಯಕ್ಷರು ನಿಂತಲ್ಲೇ ಕಲ್ಲಾಗಿದ್ದರು. ಸ್ವಲ್ಪ ಕಾದು, ರಾಜಾ ಬಹಳ ಮರ್ಯಾದೆಯಿಂದ ಅವರ ಕೈಯಿಂದ ನೋಟೀಸು ತೆಗೆದುಕೊಂಡು ತಿಂದುಬಿಟ್ಟಿತು.

ಡೈರಿಯಲ್ಲಿ ಇಷ್ಟೇ ಬರೆದಿದ್ದೇನೆ: “ಕಡಿತ ಸೊನ್ನೆ. ಕಾಗದ ಒಂದು.” ಅಧ್ಯಕ್ಷರು ಮೊದಲು ಬೆರಳು ಎಣಿಸಿಕೊಂಡರು, ಆಮೇಲೆ ನಕ್ಕರು. ಇನ್ನೊಂದು ನೋಟೀಸು ಬರಲಿಲ್ಲ. ರಾಜಾ ಪಟಾನ್‌ಚೆರುವಿಗೆ ಹೋಗಲಿಲ್ಲ.

ಇಷ್ಟು ಓದುವಷ್ಟರಲ್ಲಿ ಇವತ್ತು ನಮ್ಮ ಮನೆಯ ಗಂಟೆ ಬಡಿಯಿತು. ಸಿಲಿಂಡರಿನವನು. ಎದ್ದೆ, ದುಪಟ್ಟಾ ಸರಿಮಾಡಿಕೊಂಡೆ, ಬೆನ್ನು ತಾನಾಗಿ ನೆಟ್ಟಗಾಯಿತು, “ಕೌನ್?” ಎಂಬುದು ನಾಲಿಗೆಯ ತುದಿಗೆ ಬಂತು. ಕೈಯಲ್ಲಿದ್ದ ಡೈರಿಯ ತೂತುಗಳನ್ನು ನೋಡಿದೆ.

“ಯಾರ್ರೀ?” ಎಂದೆ.

ಹೊರಗೆ ಸಿಲಿಂಡರ್ ನೆಲಕ್ಕಿಟ್ಟ ಸದ್ದು. ಆಮೇಲೆ, “ಸಿಲಿಂಡರ್ ತಂದೀನ್ರೀ ಅಕ್ಕಾರ. ನಿಮ್ದು ಯಾವ ಕಡೆ ಆತ್ರಿ? ನಮ್ದು ಶಹಾಪುರ.” ನನ್ನ ಲೆಕ್ಕದ ಪ್ರಕಾರ ಇದು ಅವನ ಹನ್ನೊಂದನೆಯ ಭೇಟಿ. ಬಾಗಿಲು ತೆಗೆದರೆ ಅವನು ಎಂದಿನಂತೆ ಹೊಸ್ತಿಲಾಚೆಯೇ ನಿಂತು ಒಳಗೆ ಇಣುಕಿದ.

“ನಾಯಿ ಐತೇನ್ರಿ?”

ನಮ್ಮ ಮನೆಯಲ್ಲಿ ಎಂದೂ ನಾಯಿ ಸಾಕಿಲ್ಲ. ಹಿಂದಿನ ಹತ್ತು ಸಲವೂ ಬೆನ್ನು ನೆಟ್ಟಗೆ ಮಾಡಿ “ಕೌನ್?” ಎಂದದ್ದು ನಾನೇ.

“ಇತ್ತಪ್ಪಾ” ಎಂದೆ. “ಈಗ ಸುಧಾರಿಸೇತಿ. ಒಳಗ ಬಾ, ನೀರು ಕುಡಿ.”