ಕನ್ನಡಿಯೊಳಗಿನ ಕಟ್ಟಾಣಿ

ಅಂಟುವಾಳದ ನೊರೆಯಲ್ಲಿ ಹಳೆಯ ಒಡವೆ ತೊಳೆಯುವಾಗ ಒಂದು ವಾಸನೆ ಏಳುತ್ತದೆ. ಮೊದಲು ಕಾಯಿಯ ಒಗರು, ಅದರ ಹಿಂದೆ ಕೆಂಪು ಕೂರಿಸಿದ ಅರಗು, ಇನ್ನೂ ಹಿಂದೆ ಯಾವ ಕಾಲದ್ದೋ ಹರಳೆಣ್ಣೆ ಮತ್ತು ಬಾಡಿದ ಮಲ್ಲಿಗೆ. ಮೊನ್ನೆ ಮೊಮ್ಮಗಳು ಕಾಲೇಜಿನ ಸಮಾರಂಭಕ್ಕೆಂದು ನನ್ನ ಕಟ್ಟಾಣಿ ಕೇಳಿದಳು. ಹಳೇ ಒಡವೆಯೇ ಈಗ ಫ್ಯಾಷನ್ನಂತೆ. ನಾವು ಪೆಟ್ಟಿಗೆಯ ತಳಕ್ಕೆ ತಳ್ಳಿದ್ದನ್ನೆಲ್ಲ ಈ ಹುಡುಗಿಯರು ಹೆಕ್ಕಿ ಹೆಕ್ಕಿ ಹಾಕಿಕೊಳ್ಳುತ್ತಾರೆ. "ಇದರ ಜೊತೆ ಇನ್ನೇನು ಹಾಕ್ಕೊಳ್ಳಲಿ ಅಜ್ಜಿ?" ಎಂದಳು. "ಏನೂ ಬೇಡ ಕಣೇ, ಒಡವೆಗೂ ಉಸಿರಾಡಕ್ಕೆ ಜಾಗ ಬೇಕು" ಎಂದುಬಿಟ್ಟೆ. ಅಂದ ಮೇಲೆ ಕೈ ನೊರೆಯಲ್ಲೇ ನಿಂತಿತು. ಆ ಮಾತು ನನ್ನದಲ್ಲ, ನಮ್ಮ ಪದ್ಮತ್ತೆಯದು. ನಿಮಗೂ ಇಲ್ಲವಾದ ಒಂದು ಮನೆ ಇರಬಹುದು, ನೆನೆದರೆ ಕಣ್ಣು ತುಂಬುವಂಥದ್ದು. ನನಗೂ ತುಂಬುತ್ತದೆ. ಆದರೆ ನನಗೆ ಮೊದಲು ಬರುವುದು ಅಳುವಲ್ಲ, ನಾಚಿಕೆ.

ನಮ್ಮ ಮನೆ ಇದ್ದದ್ದು ಶಿಡ್ಲಘಟ್ಟದಲ್ಲಿ. ಪಕ್ಕದ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಗಾಳಿ ಇತ್ತ ತಿರುಗಿದರೆ ಊಟದ ತಟ್ಟೆಯವರೆಗೂ ಆ ನಾತ ಬರುತ್ತಿತ್ತು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅಮ್ಮ, ನಾನು, ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಮತ್ತೆ ಅಪ್ಪನ ಅಕ್ಕ ಪದ್ಮತ್ತೆ. ಅಜ್ಜಿ ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹೊದ್ದು ನಡುಮನೆಯ ಕಂಬಕ್ಕೊರಗಿ ಕೂತರೆ ಮನೆಯಲ್ಲಿ ಅವರ ಮಾತೇ ಮಾತು. ಅತ್ತೆಗೆ ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ವಿಷಮಶೀತ ಜ್ವರದಲ್ಲಿ ಹೋಗಿದ್ದರು. ತಲೆಗೂದಲು ಉಳಿಸಿಕೊಡಿ ಎಂದು ಅಪ್ಪ ಹಟ ಹಿಡಿದದ್ದರಿಂದ ಅದೊಂದು ಉಳಿದಿತ್ತು. ಹಣೆ, ಕಿವಿ, ಕುತ್ತಿಗೆ, ಕೈ, ಮಿಕ್ಕಿದ್ದೆಲ್ಲ ಬರಿದು. ತವರಿನವರು ಇಟ್ಟಿದ್ದ ಒಡವೆಯೆಲ್ಲ ಅವರ ಜೊತೆಯಲ್ಲೇ ಒಂದು ತಗಡಿನ ಪೆಟ್ಟಿಗೆಯಲ್ಲಿ ವಾಪಸು ಬಂದಿತ್ತು.

ವಿಚಿತ್ರ ನೋಡಿ, ಒಡವೆ ತೊಡಿಸುವುದು ಹೇಗೆಂದು ಆ ಬೀದಿಯಲ್ಲಿ ಅತ್ತೆಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಯಾರ ಮನೆಯಲ್ಲಿ ಮದುವೆಯಾಗಲಿ, ಸೀಮಂತವಾಗಲಿ, ಹೆಣ್ಣನ್ನು ನಮ್ಮ ನಡುಮನೆಗೆ ಕರೆತರುತ್ತಿದ್ದರು. ಪೆಟ್ಟಿಗೆ ಅತ್ತೆಯದು, ಕೈ ಮಾತ್ರ ಅಮ್ಮನದು. ಗಂಡ ಸತ್ತವಳ ಕೈ ಮದುಮಗಳ ಮೈಗೆ ತಾಕಬಾರದು. ಅದಕ್ಕೆ ಅತ್ತೆ ಅಡುಗೆಮನೆಯ ಹೊಸಿಲಿನ ಆಚೆ ಕೂತು ಹೇಳುವುದು, ಅಮ್ಮ ಈಚೆ ಹಾಕುವುದು. "ಸರಸು, ಬೈತಲೆಬೊಟ್ಟು ಇನ್ನೊಂಚೂರು ಕೆಳಗೆ. ಅಡ್ಡಿಕೆ ಹಾಕಿದ ಮೇಲೆ ಆ ಸರ ಯಾಕೆ, ತೆಗಿ. ವಂಕಿ ಸಡಿಲ ಆಗಿದ್ರೆ ಒಳಗೆ ಮೆತ್ತನೆ ಬಟ್ಟೆ ಸುತ್ತು." ಹಾಗೆ ಹೇಳುವಾಗ ಅವರ ಬೆರಳುಗಳು ಮಡಿಲಲ್ಲಿ ಸುಮ್ಮನೆ ಆಡುತ್ತಿದ್ದವು, ಇಲ್ಲದ ದಾರವನ್ನು ಕಟ್ಟುತ್ತ, ಇಲ್ಲದ ಕೊಂಡಿ ಸಿಕ್ಕಿಸುತ್ತ. ಮದುಮಗಳು ಎದ್ದು ಎಲ್ಲರಿಗೂ ನಮಸ್ಕಾರ ಮಾಡುವ ಹೊತ್ತಿಗೆ ಅತ್ತೆ ಅಲ್ಲಿರುತ್ತಿರಲಿಲ್ಲ. ಹಿತ್ತಿಲಿಗೆ ಹೋಗಿ ಪಾತ್ರೆ ಬೆಳಗುತ್ತಿದ್ದರು. ನಾವು ಇದನ್ನೆಲ್ಲ ಎಷ್ಟು ಸಹಜವಾಗಿ ನೋಡುತ್ತಿದ್ದೆವೆಂದರೆ, ಈಗ ಬರೆಯಲು ಕೂತಾಗ ಮೈಯೆಲ್ಲ ಮುದುಡುತ್ತದೆ.

ಐವತ್ತರ ದಶಕದ ಕೊನೆಯ ಒಂದು ಬೇಸಗೆ. ನನಗೆ ಏಳೋ ಎಂಟೋ. ಮೊಗ್ಗಿನ ಜಡೆ ಹಾಕಿ ಚಿಕ್ಕಬಳ್ಳಾಪುರದ ಸ್ಟುಡಿಯೋದಲ್ಲಿ ಫೋಟೋ ಹಿಡಿಸುವುದೆಂದಾಯಿತು. ಆಗ ಹೆಣ್ಣುಮಕ್ಕಳಿಗೆಲ್ಲ ಅಂಥದ್ದೊಂದು ಫೋಟೋ ಇರುತ್ತಿತ್ತು. ಹಿಂದೆ ನಿಲುಗನ್ನಡಿ ಇಟ್ಟು, ಮುಂದೆ ಮುಖ, ಕನ್ನಡಿಯಲ್ಲಿ ಜಡೆ ಕಾಣುವ ಹಾಗೆ. ಬಾಳೆಪಟ್ಟೆಯ ಮೇಲೆ ಮೊಗ್ಗು ಹೊಲಿದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಹೊರಗಾಗಿ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಾರೆ. ಮೂರು ದಿನ ಯಾರನ್ನೂ ಮುಟ್ಟುವಂತಿಲ್ಲ. ಮೊಗ್ಗು ಮೂರು ದಿನ ಕಾಯುತ್ತದೆಯೇ? ಪಕ್ಕದ ಮನೆಯವರು ಮೇಲೂರಿಗೆ ಮದುವೆಗೆ ಹೋಗಿದ್ದರು. ಅಪ್ಪ ಅಜ್ಜಿಯ ಮುಂದೆ ನಿಂತು, "ಮಗು ತಾನೇ ಅಮ್ಮಾ, ಮದುವೆಯಲ್ವಲ್ಲ. ಅಕ್ಕನೇ ಹಾಕ್ಲಿ ಬಿಡು, ಬಸ್ಸು ಹೋಗುತ್ತೆ" ಎಂದರು. ಅಜ್ಜಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಜಪಮಣಿ ಕೈಗೆ ತೆಗೆದುಕೊಂಡರು.

ಅತ್ತೆ ಹೊಸಿಲು ದಾಟಿ ಬಂದು ನನ್ನ ಹಿಂದೆ ಕೂತರು. ಅಮ್ಮನ ಕೈ ಒರಟು, ಜಡೆ ಹಾಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅತ್ತೆಯ ಬೆರಳು ತಲೆಯಲ್ಲಿ ಓಡಾಡಿದ್ದೇ ಗೊತ್ತಾಗಲಿಲ್ಲ. ರಾಗಟೆ, ಜಡೆಬಿಲ್ಲೆ, ಕುಚ್ಚು, ಒಂದೊಂದನ್ನೂ ಇಟ್ಟು, ಹಿಂದೆ ಸರಿದು ನೋಡಿ, ಮತ್ತೆ ಇಟ್ಟರು. ಅವರು ಗುನುಗುತ್ತಿದ್ದುದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕುತ್ತಿಗೆಗೆ ಕೆಂಪಿನ ಅಡ್ಡಿಕೆ, ಅದರ ಮೇಲೆ ಕಟ್ಟಾಣಿ. ಚಿನ್ನದ ಗುಂಡು, ಮುತ್ತು ಕೋದು ಕುತ್ತಿಗೆಗೆ ಅಂಟಿ ಕೂರುವ ಆ ಕಟ್ಟಾಣಿ ಅವರ ಮದುವೆಯದು.

ಜಡೆ ಕದಲಿದರೆ ಸರಿಮಾಡಲೆಂದು ಅತ್ತೆಯೂ ಅಪ್ಪನ ಮತ್ತು ನನ್ನ ಜೊತೆ ಬಸ್ಸು ಹತ್ತಿದರು. ಸ್ಟುಡಿಯೋದವರು ತೆಲುಗಿನವರು, ಕಪ್ಪು ಬಟ್ಟೆಯ ಮುಸುಕಿನೊಳಗಿಂದಲೇ "ಪಾಪಾ, ಕದಲಬಾರ್ದಮ್ಮಾ" ಎಂದು ಕೂಗುತ್ತಿದ್ದರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿದ್ದರು. ದೀಪ ಹತ್ತಿದ ಮೇಲೆ ಅತ್ತೆಗೆ ಸಮಾಧಾನವಾಗಲಿಲ್ಲ. "ಎಳೇ ಕತ್ತಿಗೆ ಎರಡು ಜಾಸ್ತಿ ಆಯ್ತು" ಎಂದು ಕಟ್ಟಾಣಿ ಬಿಚ್ಚಿದರು. ಇಡುವುದೆಲ್ಲಿ? ಪೆಟ್ಟಿಗೆ ಮನೆಯಲ್ಲಿ, ಅಪ್ಪ ಹೊರಗೆ ಬೀದಿಯಲ್ಲಿ, ಕೈಯಲ್ಲೇ ಹಿಡಿದರೆ ನನ್ನ ಲಂಗದ ನೆರಿಗೆ ಸರಿಮಾಡುವುದು ಹೇಗೆ? ಪರಸ್ಥಳದಲ್ಲಿ ಚಿನ್ನ ಕೆಳಗಿಡಲು ಭಯ. ತಮ್ಮ ಕುತ್ತಿಗೆಗೇ ಕಟ್ಟಿಕೊಂಡು ಮೇಲೆ ಸೆರಗು ಎಳೆದುಕೊಂಡರು. ಆಮೇಲೆ ಪಕ್ಕಕ್ಕೆ ಹೋಗಿ ನಿಂತರು, ಕ್ಯಾಮೆರಾಗೆ ಸಿಗದ ಹಾಗೆ, ತೀರಾ ಗೋಡೆಗೆ ಒತ್ತಿಕೊಂಡು. ನನ್ನ ತಲೆ ಬಗ್ಗುತ್ತಿತ್ತು. ಎತ್ತು, ಹೀಗೆ ಎತ್ತು ಎಂದು ಅತ್ತೆ ತಮ್ಮ ಗಲ್ಲವನ್ನೇ ಎತ್ತಿ ತೋರಿಸಿದರು. ಸೆರಗು ಜಾರಿತು. ನಾನು ನಕ್ಕೆ, ಅವರೂ ನಕ್ಕರು. ಅಷ್ಟರಲ್ಲಿ ಫೋಟೋ ಹಿಡಿದಾಗಿತ್ತು.

ಕನ್ನಡಿ ಓರೆಯಾಗಿದ್ದರೆ ಪಕ್ಕದಲ್ಲಿದ್ದವರೂ ಅದರಲ್ಲಿ ಬೀಳುತ್ತಾರೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ಅಪ್ಪ ಫೋಟೋ ತಂದ ಸಂಜೆ ಎಲ್ಲರೂ ನಡುಮನೆಯಲ್ಲಿ ಸೇರಿದೆವು. ಅಮ್ಮ ನೋಡಿ ಏನೋ ಹೇಳಹೊರಟು ಬಾಯಿ ಮುಚ್ಚಿಕೊಂಡರು. ಅಜ್ಜಿ ಕೈಚಾಚಿ ಇಸಿದುಕೊಂಡು, ಪೊರೆ ಬಂದ ಕಣ್ಣಿನ ಹತ್ತಿರ ಹಿಡಿದು, ನನ್ನ ಮುಖದ ಮೇಲೆ ಬೆರಳಾಡಿಸಿದರು. ಬೆರಳು ಕನ್ನಡಿಯ ಮೇಲೆ ಬಂದು ನಿಂತಿತು.

"ಕನ್ನಡೀಲಿರೋ ಈ ಮುತ್ತೈದೆ ಯಾರೇ? ಎಷ್ಟು ಲಕ್ಷಣವಾಗಿದಾಳೆ!"

ಅತ್ತೆ ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದರು. ಅಜ್ಜಿ ಇನ್ನೊಮ್ಮೆ ನೋಡಿದರು, ತಲೆಯೆತ್ತಿ ಹೊಸಿಲಿನ ಕಡೆ ನೋಡಿದರು. ಹೆತ್ತ ತಾಯಿ ಮಗಳ ಕುತ್ತಿಗೆಯಲ್ಲಿ ಒಡವೆ ನೋಡಿ ಅದೆಷ್ಟು ವರ್ಷವಾಗಿತ್ತೋ, ಗುರುತೇ ಸಿಕ್ಕಿರಲಿಲ್ಲ. ಅವರ ಮುಖದಲ್ಲಿ ಏನೇನೋ ಬಂದು ಹೋಯಿತು. ಕೊನೆಗೆ ನಿಂತದ್ದು ಹೆದರಿಕೆ. "ಅಯ್ಯೋ, ಬಂದೋರು ಹೋದೋರು ನೋಡಿದ್ರೆ ಏನಂತಾರೋ? ರಾಮೂ, ಅದನ್ನ ಕತ್ತರಿಸಿ ಒಲೆಗೆ ಹಾಕೋ."

ಅಪ್ಪ ಕತ್ತರಿ ತಂದರು. ನಮ್ಮಪ್ಪ ಕೆಟ್ಟವರಲ್ಲ, ಜೋರಾಗಿ ಮಾತಾಡಿದವರಲ್ಲ. ಅಕ್ಕನ ಕೂದಲಿಗಾಗಿ ಹಟ ಹಿಡಿದವರು ಅಂದು ಒಂದು ಮಾತು ಆಡಲಿಲ್ಲ. ಕತ್ತರಿ ಹಿಡಿದು, ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಕೂತರು. ಅತ್ತೆ ಬಂದು ಎದುರಿಗೆ ಕೂತು ಕೈಚಾಚಿದರು. "ಕೊಡು ಇಲ್ಲಿ. ನಿನ್ನ ಕೈಲಿ ಮಗೂ ಜಡೆನೂ ಹೋಗುತ್ತೆ."

ಅತ್ತೆ ತಾವೇ ಕತ್ತರಿಸಿದರು. ಜಡೆಯ ಒಂದು ಬಿಲ್ಲೆಗೂ ತಾಕದ ಹಾಗೆ, ರಟ್ಟನ್ನು ತಿರುಗಿಸಿ ತಿರುಗಿಸಿ, ತಮ್ಮ ಮುಖವನ್ನು, ಎತ್ತಿದ ಗಲ್ಲವನ್ನು, ಕಟ್ಟಾಣಿಯನ್ನು ಬಿಡಿಸಿ ತೆಗೆದರು. ಚೂರನ್ನು ನೋಡಲೂ ಇಲ್ಲ, ಅಂಗೈಯಲ್ಲಿ ಮುಚ್ಚಿಕೊಂಡು ಒಳಗೆ ಹೋದರು. ಆ ರಾತ್ರಿ ನಾವೆಲ್ಲ ಸಾರನ್ನ ಉಂಡೆವು. ಬಡಿಸಿದವರೂ ಅವರೇ. ಅದಾದ ಮೇಲೆ ಬೀದಿಯವರು ಎಷ್ಟು ಕರೆದರೂ ಅತ್ತೆ ಹೊಸಿಲಿನ ಹತ್ತಿರ ಬಂದು ಕೂರಲಿಲ್ಲ. ಪೆಟ್ಟಿಗೆಯ ಬೀಗದ ಕೈಯನ್ನು ಅಮ್ಮನಿಗೆ ಕೊಟ್ಟುಬಿಟ್ಟರು.

ಅರವತ್ತರ ದಶಕದ ಕೊನೆಯಲ್ಲಿ ನನ್ನ ಮದುವೆಯಾಯಿತು. ಅಷ್ಟರಲ್ಲಿ ಅಜ್ಜಿ ಹೋಗಿ ಎರಡು ಮೂರು ವರ್ಷವಾಗಿತ್ತು. ಮದುವೆಯ ಬೆಳಿಗ್ಗೆ ಅಪ್ಪ ತಾವೇ ಅಡುಗೆಮನೆಗೆ ಹೋಗಿ, "ಅಕ್ಕ, ಪುಟ್ಟಿಗೆ ನೀನೇ ಹಾಕ್ಬೇಕು" ಎಂದರು. ಅಮ್ಮ ಪೆಟ್ಟಿಗೆ ತಂದು ಮುಂದಿಟ್ಟರು. ನಾನು ಕಟ್ಟಾಣಿಯನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಅವರ ಮುಂದೆ ಕುತ್ತಿಗೆ ಬಗ್ಗಿಸಿ ಕೂತೆ. ಬೇಡ ಅನ್ನುವವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಎಲ್ಲರೂ ಕಾಯುತ್ತಿದ್ದೆವು, ಏನೋ ದೊಡ್ಡ ಉಪಕಾರ ಮಾಡುತ್ತಿರುವವರ ಹಾಗೆ.

ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಸರಿಸಿಕೊಂಡರು.

"ಬೇಡ ಕಣಮ್ಮ" ಎಂದರು, ನನಗೇ ತಿಳುವಳಿಕೆ ಹೇಳುವ ದನಿಯಲ್ಲಿ. "ಒಳ್ಳೇದಾಗೋ ಹೊತ್ನಲ್ಲಿ ನನ್ನ ಕೈ ಯಾಕೆ?"