ಹುಳುಮನೆಯ ಗಾಳಿ

ಹರದನಹಳ್ಳಿಯ ಮಂಚಮ್ಮ ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ. ಗಂಡ ಪುಟ್ಟಮಾದಯ್ಯನ ಮಾತಂತೂ ಬಿಡಿ. ಅವಳು ನಂಬುತ್ತಿದ್ದದ್ದು ತಾನು ಸಾಕುವ ರೇಷ್ಮೆ ಹುಳುಗಳನ್ನು. ತಪ್ಪೇನೂ ಅಲ್ಲ, ಅವು ಅಷ್ಟು ಸೂಕ್ಷ್ಮದ ಜೀವ. ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೂ ಸಾಯುತ್ತವೆ, ಊದುಬತ್ತಿ ಹಚ್ಚಿದರೂ ಮೇವು ಬಿಡುತ್ತವೆ. ಅದಕ್ಕೇ ಮದುವೆಯಾದ ವರ್ಷವೇ ಪಾಪ ಆ ಮನುಷ್ಯನ ಬೀಡಿ ಬಿಡಿಸಿದ್ದಳು. ಬೇಲಿಯಾಚೆ ನಿಂತು ಕದ್ದು ಸೇದಿ ಬಂದರೆ ಕೈ ಮೂಸಿ ನೋಡುತ್ತಿದ್ದಳಂತೆ! ಅದಿರಲಿ.

ಈ ಸಲದ ಮಾಗಿ ಚಳಿಗೆ ಹುಳುಗಳು ಮಂಕಾದವು. ಮಂಚಮ್ಮ ಹುಳುಮನೆಯ ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿ, ಬಾಂಡ್ಲಿಯಲ್ಲಿ ಇದ್ದಿಲ ಕೆಂಡ ಇಟ್ಟಳು. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊರಡುವಾಗ ಕೆಂಡ ನೋಡಿಕೊಳ್ಳಲು ಗಂಡನನ್ನು ಒಳಗೆ ಕೂರಿಸಿದಳು.

"ತಲ ಯಾಕೋ ಸಿಡೀತದ ಕಣಮ್ಮಿ. ಗಾಳಿ ಸರಿ ಇಲ್ವೇನೋ," ಎಂದ ಪುಟ್ಟಮಾದಯ್ಯ.

"ಕೆಲ್ಸ ಅಂದ್ರ ನಿಂಗ ತಲ ಸಿಡೀದೆ ಇನ್ನೇನಾಯ್ತದ? ಹುಳ ನೋಡು, ಹೆಂಗ್ ಮೇಯ್ತಾವ! ಗಾಳಿ ಕೆಟ್ಟಿದ್ರ ಮೊದ್ಲು ಅವೇ ಸಾಯ್ತಿದ್ವು."

"ನಿಂಗ ಗಂಡನ್ಗಿಂತ ಹುಳಾನೇ ಹೆಚ್ಚು ಬುಡು."

"ಅವು ಎದುರು ಮಾತಾಡದಿಲ್ಲ ಕಣ!" ಎಂದು ನಗುತ್ತಾ ಬಾಗಿಲು ಎಳೆದುಕೊಂಡು ಹೋದಳು.

ಸೊಪ್ಪಿನ ಹೊರೆ ಹೊತ್ತು ಬಂದು ಬಾಗಿಲು ತೆಗೆದರೆ, ಹುಳು ಮೇಯುವ ತಟ್ಟೆಗಳ ಕೆಳಗೆ ಪುಟ್ಟಮಾದಯ್ಯ ಅಂಗಾತ ಬಿದ್ದಿದ್ದ. ಹುಳುಗಳು ಮಾತ್ರ ಮಳೆ ಹನಿದಂತೆ ಸರಸರ ಸದ್ದು ಮಾಡುತ್ತಾ ಮೇಯುತ್ತಿದ್ದವು. ಅವಳ ಕೂಗಿಗೆ ಓಡಿಬಂದ ಪಕ್ಕದ ಮನೆಯ ದೊರೆಸ್ವಾಮಿ, ತನ್ನ ಆಟೋದಲ್ಲೇ ಚಾಮರಾಜನಗರದ ಆಸ್ಪತ್ರೆಗೆ ಹಾಕಿಕೊಂಡು ಹೋದ.

ಅಲ್ಲಿ ಗಂಟಲಿಗೆ ನಳಿಕೆ ಇಳಿಸಿ, ಯಂತ್ರದಿಂದ ಉಸಿರು ಕೊಟ್ಟರು. ಹೊರಗಿನ ಬೆಂಚಿನ ಮೇಲೆ ಮಂಚಮ್ಮ ಸೆರಗು ಕಚ್ಚಿಕೊಂಡು ಕೂತಿದ್ದಳು. ಡಾಕ್ಟರ್ ಸ್ವರ್ಣಲತಾ ಒಳ್ಳೆಯ ಹೆಣ್ಣುಮಗಳು, ಬಂದು ಪಕ್ಕದಲ್ಲೇ ಕೂತರು.

"ಅಮ್ಮಾ, ನಾವು ಎಳ್ಕೊಂಡ ಗಾಳಿ ಕೊಳವೆಯಲ್ಲಿ ಇಳಿದು ಶ್ವಾಸಕೋಶಕ್ಕೆ ಹೋಗುತ್ತೆ. ಅಲ್ಲಿ ಸಣ್ಣ ಸಣ್ಣ ಗಾಳಿಚೀಲ ಇವೆ. ಅಲ್ಲಿಂದ ಕೆಂಪು ರಕ್ತ ಆಮ್ಲಜನಕ ಹೊತ್ಕೊಂಡು ಮಿದುಳಿಗೆ ಮುಟ್ಟಿಸುತ್ತೆ. ಮುಚ್ಚಿದ ಮನೇಲಿ ಇದ್ದಿಲು ಉರಿದ್ರೆ ವಾಸನೇನೇ ಇಲ್ಲದ ಒಂದು ವಿಷದ ಗಾಳಿ ಹುಟ್ಟುತ್ತೆ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಬಿಡುತ್ತೆ. ಎದೆ ಏರಿಳಿತಾ ಇದ್ರೂ ಮಿದುಳು ಬರಿಗೈ."

"ಹುಳಾನೂ ಅದೇ ಗಾಳಿ ಕುಡುದ್ವಲ್ಲವ್ವ! ಒಂದಾದ್ರೂ ಸತ್ತಿದ್ರ ನಂಗ ಗೊತ್ತಾಗ್ತಿತ್ತು."

"ಹುಳಕ್ಕೆ ಶ್ವಾಸಕೋಶ ಇಲ್ಲಮ್ಮ. ಪಕ್ಕೆಯ ತೂತುಗಳಿಂದ ಗಾಳಿ ನೇರ ಮೈಯೊಳಗೆ ಹೋಗುತ್ತೆ. ನಮ್ಮಂಥ ಕೆಂಪು ರಕ್ತ ಅವಕ್ಕಿಲ್ಲ."

ಆ ಪಕ್ಕೆಯ ಕಪ್ಪು ಚುಕ್ಕೆಗಳನ್ನು ಮಂಚಮ್ಮ ಹುಟ್ಟಿದಾಗಿನಿಂದ ನೋಡಿದ್ದಳು. ಅಂದಕ್ಕೆ ಇವೆ ಅಂದುಕೊಂಡಿದ್ದಳು. ಹಣೆ ಹಣೆ ಚಚ್ಚಿಕೊಂಡಳು. "ನಾನೇ ಕೊಂದ್ಬುಟ್ನಲ್ಲವ್ವಾ! ತಲ ಸಿಡೀತದ ಅಂದ, ನಾನು ನಗಾಡ್ಬುಟ್ಟು ಹೊಂಟೋದ್ನಲ್ಲ!"

ಡಾಕ್ಟರು ಅವಳ ಕೈ ಹಿಡಿದು, ಅದನ್ನು ಅವಳ ಕತ್ತಿನ ಹಿಂದೆ, ತುರುಬಿನ ಕೆಳಗೆ ಒತ್ತಿದರು. "ಇಲ್ಲಿ ಒಳಗೆ ಮಿದುಳಿನ ಕಾಂಡ ಇದೆ. ನಿದ್ದೆಯಲ್ಲೂ ಉಸಿರಾಡಿಸೋದು ಅದೇ. ಅದರ ಹಿಂದಿನ ಚಿಕ್ಕ ಮಿದುಳು ಬೀಳದ ಹಾಗೆ ನಡೆಸುತ್ತೆ. ಮೇಲಿನ ದೊಡ್ಡ ಮಿದುಳಿನಲ್ಲಿ ಮಾತು, ನೆನಪು, ಗುರುತು. ನಳಿಕೆ ತೆಗೆದಾಗ ಅವರೇ ಉಸಿರಾಡಿದ್ರೆ ಕಾಂಡ ಉಳೀತು ಅಂತ. ಮೇಲಿನದು ಎಷ್ಟು ಉಳಿದಿದೆ ಅಂತ ಈಗ ಹೇಳೋಕಾಗಲ್ಲ."

ಅಷ್ಟು ಬುದ್ಧಿವಂತೆ ಮಂಚಮ್ಮ, ದೇವರಲ್ಲಿ ಏನು ಕೇಳಬೇಕೆಂದೇ ತಿಳಿಯದೆ ಹೋದಳು. ಉಸಿರು ಸಾಕೆಂದರೆ ಗುರುತು ಹೋದೀತು, ಎರಡೂ ಬೇಕೆಂದರೆ ಎರಡೂ ಹೋದಾವು.

ನಳಿಕೆ ತೆಗೆದ ದಿನ ಅವಳನ್ನು ಒಳಗೆ ಬಿಟ್ಟರು. ಎದೆ ಒಮ್ಮೆ ನಿಂತಂತಾಗಿ, ಆಮೇಲೆ ತಾನಾಗಿಯೇ ಎದ್ದಿತು. ಇಳಿಯಿತು. ಮತ್ತೆ ಎದ್ದಿತು. ಬಹಳ ಹೊತ್ತಿನ ಮೇಲೆ ಅವನು ಕಣ್ಣು ಬಿಟ್ಟ.

"ಇಲ್ನೋಡು ವಸಿ. ನಾನ್ಯಾರು?"

ಪುಟ್ಟಮಾದಯ್ಯ ಅವಳ ಮುಖವನ್ನು ನೋಡಿದ, ಹೊಸ ಊರಿಗೆ ಬಂದವನ ಹಾಗೆ. ತುಟಿ ಅಲುಗಿತು.

"ಅವ್ವಾ, ನೀರು."

ತುಟಿ ಮಾತ್ರ ಒದ್ದೆ ಮಾಡಿ ಎಂದರು ನರ್ಸು. ಮಂಚಮ್ಮ ಹತ್ತಿಯನ್ನು ನೀರಿಗೆ ಅದ್ದಿ ಅವನ ತುಟಿಗೆ ಹಿಡಿದಳು.

"ಊಂ ಕಣಪ್ಪ, ಇಲ್ಲೇ ಇವ್ನಿ," ಎಂದಳು.