ಮುಖ ಮೆತ್ತಗಾಗಿಸಿದ ಟ್ಯೂಬು

ಮೊಡವೆ ಮುಖಕ್ಕೆ ಇದೇ ಒಳ್ಳೆಯ ಮಾಯಿಶ್ಚರೈಸರ್ ಎಂದು ಅಂಗಡಿಯವನು ಕೊಟ್ಟಿದ್ದ ಟ್ಯೂಬನ್ನು, ಕಲಬುರಗಿಯಿಂದ ಕಮಲಾಪುರದ ಶಾಲೆಗೆ ಹೋಗುವ ಬಸ್ಸಿನಲ್ಲೇ ಹಚ್ಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಥಟ್ಟನೆ ನನ್ನ ಕೈ ಹಿಡಿದರು.

“ತಂಗಿ, ಇದನ್ನ ಯಾವಾಗಿಂದ ಹಚ್ಚಾಕತ್ತೀ?”

“ಈಗೀಗ ಸುರು ಮಾಡೀನಿ ಅಕ್ಕಾ. ಮುಖ ಭಾಳ ಮೆತ್ತಗಾಗ್ಯಾದ.”

“ನಂದೂ ಮೊದಲ ಹಂಗೇ ಆಗಿತ್ತು” ಎಂದು ಅವರು ಮುಖಕ್ಕೆ ಮರೆಯಾಗಿದ್ದ ಸೆರಗು ಸರಿಸಿದರು. ಕೆನ್ನೆ ಕೆಂಪಾಗಿ, ತೆಳುವಾಗಿ, ಒಳಗಿನ ನರ ಕಾಣುತ್ತಿತ್ತು. “ಇದ್ರಾಗ ಸ್ಟೀರಾಯ್ಡ್ ಅದ, ಹಚ್ಚಿದಂಗ ಹಚ್ಚಿದಂಗ ಚರ್ಮ ತೆಳ್ಳಗ ಮಾಡ್ತದ. ಈಗ ಬಿಸಲಿಗೆ ಹೋದ್ರ ಬೆಂಕಿ ಹಚ್ಚಿದಂಗ ಆಗ್ತದ.”

ಟ್ಯೂಬಿನ ಮುಚ್ಚಳ ಹಾಕಿ ಚೀಲಕ್ಕೆ ತುರುಕಿದೆ. ಪಾಠ ಮಾಡುವಾಗಲೂ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಸಂಜೆ ಕಲಬುರಗಿಗೆ ಮರಳಿದವಳೇ ಜೇವರ್ಗಿ ಕಾಲೋನಿಯ ಚರ್ಮವೈದ್ಯರ ಹತ್ತಿರ ಹೋದೆ; ಅವರು ಟ್ಯೂಬಿನ ಮೇಲಿದ್ದುದನ್ನು ಓದಿ ಅದನ್ನು ಕಸದ ಬುಟ್ಟಿಗೆ ಎಸೆದರು.

“ಲಗೂನ ಬಂದು ಛಲೋ ಮಾಡಿದ್ರಿ. ಎಣ್ಣಿ, ವಾಸನಿ ಇಲ್ಲದ ತೆಳು ಮಾಯಿಶ್ಚರೈಸರ್ ಸಾಕು.”

ಮೊಡವೆಗಳು ಇನ್ನೂ ಹೋಗಿಲ್ಲ. ಆದರೆ ಹೊಸದೊಂದು ಎದ್ದರೆ, ಚರ್ಮ ತೆಳುವಾಗದೆ ಇನ್ನೂ ನನ್ನದೇ ಆಗಿ ಉಳಿದಿದೆಯಲ್ಲ ಎಂದು ಈಗ ಸ್ವಲ್ಪ ಧೈರ್ಯವೇ ಬರುತ್ತದೆ.